ಕೊಡಚಾದ್ರಿಗೆ, ಜೀಪಿನ ಹೊಟ್ಟೆಯಡಿಯಿಂದ

ಕೊಡಚಾದ್ರಿಗೆ ಹೋಗಿ ಬಂದವರು ಸಾಮಾನ್ಯವಾಗಿ ಹೇಳುವುದು ಎರಡೇ ವಿಷಯ. ಒಂದು ಸೂರ್ಯಾಸ್ತ, ಇನ್ನೊಂದು ಸೊಂಟ. ಸೂರ್ಯಾಸ್ತದ ಬಗ್ಗೆ ಬೇಕಾದಷ್ಟು ಮಂದಿ ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಸೊಂಟದ ವಿಷಯ, ಅಂದರೆ ಅಲ್ಲಿಗೆ ನಮ್ಮನ್ನು ಒಯ್ಯುವ ಜೀಪಿನ ವಿಷಯ.

ಇದಕ್ಕೆ ಕಾರಣ ನನ್ನ ಸೋದರಳಿಯ. ತಂಗಿಯ ಮನೆ ಹೊಸನಗರ ತಾಲೂಕಿನ ಒಂದು ಮೂಲೆಯಲ್ಲಿದೆ. ಹುಲಿಕಲ್ಲಿನಂಥ ಅತಿ ಮಳೆಯ ಊರುಗಳಿರುವ ಸೀಮೆ. ಡಾಂಬರು ರಸ್ತೆಯಿಂದ ಮನೆಗೆ ಮೂರು ಕಿಲೋಮೀಟರು ಮಣ್ಣು ದಾರಿ. ಆಷಾಢದಲ್ಲಿ ಅದು ದಾರಿಯಲ್ಲ, ಹಳ್ಳ. ಆ ಕಷ್ಟಕ್ಕೆಂದೇ ಭಾವ ಹಳೆಯ ಮಾರುತಿ ಜಿಪ್ಸಿಯೊಂದನ್ನು ಕೊಂಡಿದ್ದರು. ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರ್, ಮಂಡಿನೋವಿನ ಅಜ್ಜಿಯನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವುದು, ಎಲ್ಲಕ್ಕೂ ಅದೊಂದೇ ಗಾಡಿ. ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿರುವ ಮಗ ಈಗ ಅದನ್ನು ಐದು ಇಂಚು ಎತ್ತರಿಸಿ, ದೊಡ್ಡ ಟೈರು ಹಾಕಿಸುತ್ತೇನೆಂದು ಹಟ ಹಿಡಿದಿದ್ದ. ಗ್ಯಾರೇಜಿನವರು ಲೆಕ್ಕವನ್ನೂ ಬರೆದುಕೊಟ್ಟಿದ್ದರು. ‘ಭಾವ, ನಾನು ಬೇಡ ಅಂದ್ರೆ ಕೇಳಲ್ಲ. ನೀವು ವಿಜ್ಞಾನದ ಮೇಷ್ಟ್ರು, ನೀವೇ ಒಂದು ಮಾತು ಹೇಳಿ’ ಎಂದು ಫೋನು ಬಂತು.

ಬೇಡ ಎನ್ನುವುದರಿಂದ ಹುಡುಗರು ಏನನ್ನೂ ಬಿಡುವುದಿಲ್ಲ ಎಂಬುದು ತರಗತಿಯಲ್ಲಿ ಕಲಿತ ಪಾಠ. ಬದಲಿಗೆ, ‘ದಿನಕ್ಕೆರಡು ಸಲ ಅಂಥ ದಾರಿ ಹತ್ತುವವರು ತಮ್ಮ ಗಾಡಿಗೆ ಏನು ಮಾಡಿಸಿದ್ದಾರೆ, ನೋಡಿ ಬರೋಣ ಬಾ’ ಎಂದೆ. ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಇಬ್ಬರೂ ಹೊರಟೆವು.

ಕೊಡಚಾದ್ರಿಯ ಎತ್ತರ 1343 ಮೀಟರು. ಕೊಲ್ಲೂರಿನಿಂದ ಬರುವವರು ನಾಗೋಡಿ ಘಾಟಿ ಹತ್ತಿ ನಿಟ್ಟೂರಿನ ಮೇಲೆ ಬರುತ್ತಾರೆ. ನಾವು ನಿಟ್ಟೂರಿನಲ್ಲೇ ಜೀಪು ಹಿಡಿದೆವು. ಕಟ್ಟಿನಹೊಳೆಯವರೆಗೆ ಮಾತಾಡಿಕೊಂಡು ಹೋಗಬಹುದು. ಆಮೇಲೆ ಮಾತು ನಿಲ್ಲುತ್ತದೆ, ನಾಲಗೆ ಹಲ್ಲಿನ ನಡುವೆ ಸಿಕ್ಕೀತೆಂಬ ಭಯಕ್ಕೆ. ಕೆಂಪು ಮಣ್ಣು, ಅದರೊಳಗಿಂದ ಎದ್ದ ಕಲ್ಲು, ಮಳೆಗಾಲದ ನೀರು ಕೊರೆದ ಮೊಣಕಾಲುದ್ದದ ಚರಂಡಿಗಳು, ಒಂದು ಬದಿಗೆ ಕಾಡು, ಇನ್ನೊಂದು ಬದಿಗೆ ಏನೂ ಇಲ್ಲ.

ನಾನು ಡ್ರೈವರನ ಕಾಲನ್ನೇ ನೋಡುತ್ತಿದ್ದೆ. ಕಡಿದಾದ ಏರು ಬಂದಾಗ ಆತ ಗೇರ್ ಲಿವರಿನ ಪಕ್ಕದ ಸಣ್ಣ ಲಿವರೊಂದನ್ನು ಎಳೆದ. ಆಮೇಲೆ ಆಕ್ಸಿಲರೇಟರನ್ನು ತುಳಿಯಲೇ ಇಲ್ಲವೆನ್ನಬೇಕು. ಎಂಜಿನ್ ತನ್ನಷ್ಟಕ್ಕೆ ಗುಟುಗುಟು ಎನ್ನುತ್ತಿತ್ತು, ಜೀಪು ಎಮ್ಮೆಯ ಹಾಗೆ ನಿಧಾನವಾಗಿ ಹತ್ತುತ್ತಿತ್ತು. ನನ್ನ ಅಳಿಯ ರಭಸವನ್ನು ನಿರೀಕ್ಷಿಸಿದ್ದವನು, ಅವನ ಮುಖದಲ್ಲಿ ಸ್ವಲ್ಪ ನಿರಾಶೆ ಇತ್ತು.

ಆ ಸಣ್ಣ ಲಿವರು ಟ್ರಾನ್ಸ್‌ಫರ್ ಕೇಸಿನದು. ಗೇರ್ ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಪೆಟ್ಟಿಗೆ ಅದು. ಅದರಲ್ಲೇ ಇನ್ನೊಂದು ಇಳಿಗೇರು ಇರುತ್ತದೆ. ಹಳೆಯ ವಿಲ್ಲೀಸ್ ಸಿಜೆ-3ಬಿ ಜೀಪಿನ ಲೆಕ್ಕ ನನಗೆ ಬಾಯಿಪಾಠ. ಮೊದಲ ಗೇರು 2.798, ಟ್ರಾನ್ಸ್‌ಫರ್ ಕೇಸು 2.46, ಆಕ್ಸಲ್ಲಿನ ಕ್ರೌನ್ 5.38. ಮೂರನ್ನೂ ಗುಣಿಸಿದರೆ 37. ಎಂಜಿನ್ 37 ಸುತ್ತು ತಿರುಗಿದರೆ ಚಕ್ರ ಒಂದೇ ಒಂದು ಸುತ್ತು! ನಿಮಿಷಕ್ಕೆ ಸಾವಿರ ಸುತ್ತಿನಲ್ಲಿ ಎಂಜಿನ್ ಓಡುತ್ತಿದ್ದರೆ ಚಕ್ರಕ್ಕೆ 27 ಸುತ್ತು. ಚಕ್ರದ ಸುತ್ತಳತೆ ಸುಮಾರು 2.2 ಮೀಟರು ಎಂದು ಹಿಡಿದರೆ ಗಂಟೆಗೆ ಮೂರೂವರೆ ಕಿ.ಮೀ. ಚಿಲ್ಲರೆ. ಮನುಷ್ಯ ನಡೆಯುವ ವೇಗಕ್ಕಿಂತ ಕಡಿಮೆ. ವೇಗದಲ್ಲಿ ಕಳೆದುಕೊಂಡದ್ದು ಟಾರ್ಕ್ ಎಂಬ ತಿರುಗುಬಲದಲ್ಲಿ ಸಿಗುತ್ತದೆ, ಘರ್ಷಣೆಗೆ ಹೋಗುವಷ್ಟನ್ನು ಬಿಟ್ಟು. ಶಾಲೆಯಲ್ಲಿ ರಾಟೆ, ಸನ್ನೆಗೋಲುಗಳಲ್ಲಿ ಓದುವ ಪಾಠವೇ ಇದು. ಹಲ್ಲುಚಕ್ರದ ರೂಪದಲ್ಲಿ ಬಂದಿದೆ ಅಷ್ಟೆ.

ಒಂದು ಕಡೆ ಚರಂಡಿ ದಾರಿಗೆ ಅಡ್ಡವಾಗಿ ಕೊರೆದಿತ್ತು. ಮುಂದಿನ ಎಡ ಚಕ್ರವೂ ಹಿಂದಿನ ಬಲ ಚಕ್ರವೂ ಒಟ್ಟಿಗೆ ಗಾಳಿಯಲ್ಲಿ ತೂಗಿ ಸುಮ್ಮನೆ ಗಿರಕಿ ಹೊಡೆದವು. ನೆಲದ ಮೇಲಿದ್ದ ಎರಡು ಚಕ್ರಗಳು ಅಲ್ಲಾಡಲಿಲ್ಲ. ಅಳಿಯ ನನ್ನತ್ತ ನೋಡಿದ. ಡಿಫರೆನ್ಷಿಯಲ್ಲು ಎರಡು ಬದಿಯ ಚಕ್ರಗಳಿಗೂ ಸಮ ತಿರುಗುಬಲವನ್ನೇ ಕೊಡುತ್ತದೆ. ಗಾಳಿಯಲ್ಲಿರುವ ಚಕ್ರ ತಿರುಗಲು ಬಲವೇ ಬೇಡ. ಆದ್ದರಿಂದ ನೆಲದ ಮೇಲಿರುವುದಕ್ಕೂ ಹೆಚ್ಚುಕಡಿಮೆ ಸೊನ್ನೆಯೇ ಪಾಲು. ಡ್ರೈವರ್ ಗೊಣಗಲಿಲ್ಲ. ಎರಡು ಮಾರು ಹಿಂದಕ್ಕೆ ಬಿಟ್ಟು, ಸ್ಟೀರಿಂಗ್ ಸ್ವಲ್ಪ ಒರೆಸಿದಂತೆ ತಿರುಗಿಸಿ, ನಾಲ್ಕು ಚಕ್ರವೂ ನೆಲಕ್ಕೆ ತಾಗುವಂತೆ ಬೇರೆ ಕಡೆಯಿಂದ ಹತ್ತಿಸಿದ.

ಮೇಲೆ ಜೀಪು ನಿಂತಾಗ ಉಳಿದವರೆಲ್ಲ ಮೂಲಸ್ಥಾನದ ಗುಡಿಯತ್ತ, ಅಲ್ಲಿನ ಹಳೆಯ ಕಬ್ಬಿಣದ ಕಂಬದತ್ತ ಹೋದರು. ನಾವಿಬ್ಬರು ಡ್ರೈವರನ ಅನುಮತಿ ಕೇಳಿ, ಗೋಣಿಚೀಲ ಹಾಸಿಕೊಂಡು ಜೀಪಿನಡಿಗೆ ತೂರಿದೆವು. ಐವತ್ತು ದಾಟಿದ ಮೇಲೆ ತೂರುವುದು ಸುಲಭ, ಹೊರಗೆ ಬರುವುದು ಕಷ್ಟ.

ಅಲ್ಲಿ ಕಂಡದ್ದು ಕಡಿಮೆಯೇ. ಹಿಂದಿನ ಸ್ಪ್ರಿಂಗ್ ಸೆಟ್ಟಿಗೆ ಒಂದು ಪ್ಲೇಟು ಹೆಚ್ಚಿಗೆ ಸೇರಿಸಿದ್ದ. ಅದು ಎತ್ತರಕ್ಕಲ್ಲ, ಜನರ ಭಾರಕ್ಕೆ. ‘ಅದೂ ಖಾಲಿ ಹೋಗುವಾಗ ತೊಂದರೆಯೇ ಸಾರ್, ಹಿಂದೆ ಕುಪ್ಪಳಿಸ್ತದೆ’ ಎಂದ. ಟೈರು ಮಣ್ಣು ಕಚ್ಚುವ ಜಾತಿಯದು, ಆದರೆ ಕಂಪನಿ ಹೇಳಿದ ಅಳತೆಯದೇ. ಬುಷ್ಷುಗಳು ಹೊಸವು. ಉಳಿದಂತೆ ಎಲ್ಲೆಲ್ಲೂ ಗ್ರೀಸು. ‘ಎತ್ತರ ಮಾಡ್ಸಿಲ್ವಾ?’ ಎಂದು ಅಳಿಯ ಕೇಳಿಯೇಬಿಟ್ಟ. ‘ಚೆಂದ ಕಾಣ್ತದೆ ಮಾರಾಯ್ರೆ, ಆದ್ರೆ ಈ ಗುಂಡು ಅಲ್ಲೇ ಇರ್ತದಲ್ಲ’ ಎಂದು ಆತ ಆಕ್ಸಲ್ಲಿನ ನಡುವೆ ಬುರುಡೆಯಂತೆ ಉಬ್ಬಿದ ಡಿಫರೆನ್ಷಿಯಲ್ಲನ್ನು ಬೂಟಿನಿಂದ ತಟ್ಟಿದ.

ನಾನು ಹೇಳಬೇಕೆಂದಿದ್ದ ಮಾತು ಅದೇ. ಜಿಪ್ಸಿಯ ಸ್ಪ್ರಿಂಗ್ ಪ್ಲೇಟುಗಳು ಆಕ್ಸಲ್ಲಿನ ಕೆಳಗೆ ಇವೆ. ಅವನ್ನು ಬಿಚ್ಚಿ ಆಕ್ಸಲ್ಲಿನ ಮೇಲೆ ಕೂರಿಸಿದರೆ ಗಾಡಿಯ ಮೈ ಸುಮಾರು ಐದು ಇಂಚು ಮೇಲೇಳುತ್ತದೆ. ಮೇಲೇಳುವುದು ಮೈ ಮಾತ್ರ. ಕಲ್ಲಿಗೆ ಬಡಿಯುವ ಡಿಫರೆನ್ಷಿಯಲ್ಲು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಬಲ್ಲದ್ದು ಟೈರು ಒಂದೇ, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು. 205/70 ಆರ್ 15 ಅಳತೆಯ ಟೈರಿನ ವ್ಯಾಸ 668 ಮಿ.ಮೀ. ಅಳಿಯ ಆರಿಸಿದ್ದ 235/75 ಆರ್ 15ರದು ಸುಮಾರು 733. ಅಷ್ಟು ಖರ್ಚು ಮಾಡಿ ಆಕ್ಸಲ್ಲು ಮೇಲೇಳುವುದು 33 ಮಿ.ಮೀ., ಎರಡು ಬೆರಳಿನ ಅಗಲ. ಅದಕ್ಕೆ ಬೆಲೆಯಾಗಿ ಗೇರಿನ ಬಲ ಹತ್ತರಲ್ಲೊಂದು ಪಾಲಿನಷ್ಟು ಕುಗ್ಗುತ್ತದೆ. ಸ್ಪೀಡೋಮೀಟರು 50 ಎಂದಾಗ ಗಾಡಿ 55ರಲ್ಲಿರುತ್ತದೆ. ಜಿಪ್ಸಿಯ ದಾಯಾದಿಯಾದ ಸುಜುಕಿ ಸ್ಯಾಮುರಾಯ್‌ನಲ್ಲಿ ನಾನು ಮೇಲೆ ಹೇಳಿದ 37ರ ಲೆಕ್ಕ ಸುಮಾರು 31 ಬರುತ್ತದೆ. ದೊಡ್ಡ ಟೈರು ಹಾಕಿದರೆ ಅದು 28ಕ್ಕೆ ಇಳಿದಂತೆ. ಏರು ಹತ್ತಲೆಂದು ಮಾಡಿಸಿದ ಕೆಲಸ ಏರಿನಲ್ಲೇ ಕೈಕೊಡುತ್ತದೆ! ಆ ನಷ್ಟ ತುಂಬಲು ವಿದೇಶಗಳಲ್ಲಿ ಟ್ರಾನ್ಸ್‌ಫರ್ ಕೇಸಿನೊಳಗಿನ ಗೇರುಗಳನ್ನೇ ಬದಲಿಸುತ್ತಾರೆ. 2.268ರ ಇಳಿಗೇರಿನ ಜಾಗಕ್ಕೆ 4.16ರದು ಹಾಕಿದರೆ 31 ಇದ್ದದ್ದು 56 ದಾಟುತ್ತದೆ. ಅಂಥ ಗಾಡಿ ಹೊರಗಿನಿಂದ ನೋಡಿದರೆ ಏನೂ ಮಾಡಿಸಿದಂತೆ ಕಾಣುವುದಿಲ್ಲ. ಹುಡುಗರಿಗೆ ಅದು ಬೇಡವಾಗುವುದೂ ಅದಕ್ಕೇ ಇರಬೇಕು.

ಮಲಗಿದ್ದಲ್ಲೇ ನನಗೊಂದು ತಮಾಷೆ ಕಂಡಿತು. ಬಲಗೈಗೆ ಸ್ಪ್ರಿಂಗ್ ಪ್ಲೇಟು, ಎಡಗೈಗೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು. ಭಾರ ಹೆಚ್ಚಿದಷ್ಟೇ ಸ್ಪ್ರಿಂಗು ಬಾಗುತ್ತದೆ ಎಂಬ ನಿಯಮವನ್ನು 1678ರಲ್ಲಿ ಪ್ರಕಟಿಸಿದ ರಾಬರ್ಟ್ ಹುಕ್ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಕೋನ ಬದಲಾದರೂ ತಿರುಗುವಿಕೆಯನ್ನು ದಾಟಿಸುವ ಈ ಕ್ರಾಸಿಗೂ ಹುಕ್‌ನ ಕೀಲು ಎಂದೇ ಹೆಸರು. ಒಬ್ಬನೇ ಮನುಷ್ಯನ ಹೆಸರಿನ ಎರಡು ವಸ್ತುಗಳು ಒಂದು ಮೊಳದ ಅಂತರದಲ್ಲಿ ಕೆಸರು ಮೆತ್ತಿಕೊಂಡು ಕುಳಿತಿವೆ. ಒಂದನ್ನು ಬದಲಿಸಿದರೆ ಇನ್ನೊಂದಕ್ಕೆ ಪೆಟ್ಟು. ಗಾಡಿಯ ಮೈ ಎತ್ತಿದಾಗ ಶಾಫ್ಟು ಹೆಚ್ಚು ಓರೆಯಾಗುತ್ತದೆ. ಓರೆಯಾದ ಹುಕ್ ಕೀಲಿನಲ್ಲಿ ಆ ಬದಿಯ ಶಾಫ್ಟು ಒಂದೇ ವೇಗದಲ್ಲಿ ತಿರುಗುವುದಿಲ್ಲ. 20 ಡಿಗ್ರಿ ಓರೆಯಿದ್ದರೆ ಪ್ರತಿ ಸುತ್ತಿಗೆ ಎರಡು ಸಲ ಶೇಕಡಾ ಆರರಷ್ಟು ಮುಂದೂ ಹಿಂದೂ ಜಗ್ಗುತ್ತದೆ. ಶಾಫ್ಟಿನ ಎರಡು ತುದಿಯ ಓರೆಗಳೂ ಸಮವಿದ್ದರೆ ಒಂದರ ಜಗ್ಗಾಟವನ್ನು ಇನ್ನೊಂದು ನುಂಗಿಕೊಳ್ಳುತ್ತದೆ. ಅಂದಾಜಿನ ಮೇಲೆ ಬೆಸುಗೆ ಹಾಕಿ ಎತ್ತಿದ ಗಾಡಿಯಲ್ಲಿ ಅದು ಸಮ ಇರಲು ದೇವರೇ ಬರಬೇಕು. ಜಿಪ್ಸಿಯಲ್ಲಂತೂ ಟ್ರಾನ್ಸ್‌ಫರ್ ಕೇಸು ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯೇ ಕುಳಿತಿದೆ. ಆದ್ದರಿಂದ ಶಾಫ್ಟುಗಳು ಮೂರು.

ಸರ್ವಜ್ಞ ಪೀಠದವರೆಗೆ ನಡೆದೇ ಹೋದೆವು. ಗಾಳಿ, ಹುಲ್ಲು, ಪಡುವಣದಲ್ಲಿ ಸಮುದ್ರದ ಬೆಳ್ಳಿಗೆರೆ. ಅಳಿಯ ನೋಟದ ಕಡೆ ಹೆಚ್ಚು ಗಮನ ಕೊಡಲಿಲ್ಲ. ‘ಮಾವ, ಎತ್ತರ ಮಾಡಿದ್ರೆ ನಿಜವಾಗ್ಲೂ ಮಗುಚ್ತದಾ?’ ಎಂದು ಕೇಳಿದ. ಪೀಠದ ಮೆಟ್ಟಿಲ ಮೇಲೆ ಕುಳಿತು, ಕಡ್ಡಿಯಿಂದ ಮಣ್ಣಿನಲ್ಲಿ ಚಿತ್ರ ಬರೆದೆ. ಎರಡು ಚಕ್ರಗಳ ನಡುವೆ ಸುಮಾರು 130 ಸೆಂ.ಮೀ., ಅದರ ಅರ್ಧ 65. ಗುರುತ್ವ ಕೇಂದ್ರವೂ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಂಡರೆ, ಗಾಡಿ 45 ಡಿಗ್ರಿ ವಾಲಿದಾಗ ಮಗುಚುತ್ತದೆ. ಕೇಂದ್ರ ಹತ್ತು ಸೆಂ.ಮೀ. ಮೇಲೆ ಹೋದರೆ 41 ಡಿಗ್ರಿಗೇ ಮುಗಿಯಿತು. ‘ನಾಲ್ಕೇ ಡಿಗ್ರಿ’ ಎಂದ. ಕಾಗದದ ಮೇಲೆ ನಾಲ್ಕೇ. ಆದರೆ ಕಾಗದದ ಮೇಲಿನ ಗಾಡಿ ನಿಂತಿರುತ್ತದೆ. ಓಡುವ ಗಾಡಿಯಲ್ಲಿ ತಿರುವಿನ ಜಗ್ಗು, ಸ್ಪ್ರಿಂಗಿನ ತೂಗಾಟ, ಚಾವಣಿಯ ಮೇಲಿನ ಅಡಿಕೆ ಮೂಟೆ ಸೇರಿ ಆ ನಾಲ್ಕು ಡಿಗ್ರಿಯನ್ನೇ ಮೊದಲು ತಿನ್ನುತ್ತವೆ.

ಅವನು ಒಪ್ಪಿದನೆಂದು ನನಗನಿಸಲಿಲ್ಲ. ಒಪ್ಪಿಸಿದ್ದು ನನ್ನ ಕಡ್ಡಿಯಲ್ಲ, ಸಂಜೆ ಕಂಡ ಒಂದು ರಬ್ಬರು ಕೊಳವೆ.

ಇಳಿಯುವಾಗಲೂ ಅದೇ ಸಣ್ಣ ಲಿವರು, ಅದೇ ಮೊದಲ ಗೇರು; ಎಂಜಿನ್ನೇ ಜೀಪನ್ನು ಹಿಡಿದುಕೊಂಡಿತ್ತು. ಬ್ರೇಕನ್ನು ಆತ ತುಳಿದದ್ದು ಬೆರಳೆಣಿಕೆಯಷ್ಟು ಸಲ. ಕೆಳಗೆ ಬಂದ ಮೇಲೆ ತಾನು ಕೆಲಸ ಮಾಡಿಸುವ ಗ್ಯಾರೇಜಿಗೆ ನಮ್ಮನ್ನು ಕರೆದೊಯ್ದ. ಅಲ್ಲಿ ಎತ್ತರಿಸಿದ ಜಿಪ್ಸಿಯೊಂದು ಕಲ್ಲಿನ ಮೇಲೆ ಕುಳಿತಿತ್ತು. ಹೊಳೆಯುವ ಬಣ್ಣ, ಆಳೆತ್ತರದ ಬಾಗಿಲು. ಮೆಕ್ಯಾನಿಕ್ಕು ಮುಂದಿನ ಚಕ್ರದ ಬಳಿ ಬ್ಯಾಟರಿ ಬಿಟ್ಟು ತೋರಿಸಿದ. ಬ್ರೇಕಿನ ಎಣ್ಣೆ ಒಯ್ಯುವ ರಬ್ಬರು ಹೋಸು ವೀಣೆಯ ತಂತಿಯಂತೆ ಬಿಗಿದಿತ್ತು, ನಡುವೆ ಬಿರುಕು. ಮೈಯನ್ನು ಎತ್ತಿದವರು ಹೋಸನ್ನು ಉದ್ದ ಮಾಡಿರಲಿಲ್ಲ. ಚಕ್ರ ಗುಂಡಿಗೆ ಇಳಿದಾಗಲೆಲ್ಲ ಅದು ಎಳೆದು ಎಳೆದು ಸೀಳಿತ್ತು. ‘ಮನೆಯಂಗಳದಲ್ಲೇ ಪೆಡಲ್ ಕೆಳಗೆ ಹೋಯ್ತಂತೆ, ಪುಣ್ಯ’ ಎಂದ ಆತ. ಅಳಿಯ ಸ್ಟೀರಿಂಗ್ ರಾಡಿನ ಓರೆ, ಕ್ರಾಸಿನ ಅಲುಗಾಟ ಎಲ್ಲವನ್ನೂ ಮುಟ್ಟಿ ನೋಡಿದ. ಬಸ್ಸಿನಲ್ಲಿ ಮಾತಾಡಲಿಲ್ಲ.

ತಂದೆತಾಯಿಗಳಿಗೆ ಒಂದು ಮಾತು ಹೇಳಬೇಕು. ಕಂಪನಿಯ ಮೂಲ ನಮೂನೆಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಸ್ಪಷ್ಟಪಡಿಸಿದೆ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೂ ಅದನ್ನೇ. ಹೀಗೆಂದು ಹುಡುಗರ ಕೈಯಿಂದ ಸ್ಪಾನರು ಕಿತ್ತುಕೊಳ್ಳಬೇಡಿ. ನನ್ನ ಅಳಿಯ ಆ ಒಂದು ಶನಿವಾರದಲ್ಲಿ ಕೇಳಿದಷ್ಟು ಪ್ರಶ್ನೆಗಳನ್ನು ನನ್ನ ತರಗತಿಯಲ್ಲಿ ವರ್ಷವಿಡೀ ಯಾರೂ ಕೇಳಿದ್ದಿಲ್ಲ.

ಸಂಕ್ರಾಂತಿಗೆ ಹೋದಾಗ ನೋಡಿದೆ. ಜಿಪ್ಸಿ ಇದ್ದಷ್ಟೇ ಎತ್ತರದಲ್ಲಿತ್ತು. ಸ್ಪ್ರಿಂಗ್ ಪ್ಲೇಟುಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಬುಷ್ಷು ಬದಲಿಸಿ ತಾನೇ ಜೋಡಿಸಿದ್ದನಂತೆ. ಉಗುರಿನ ಸಂದಿಯ ಗ್ರೀಸು ಇನ್ನೂ ಹೋಗಿರಲಿಲ್ಲ. ಟೈರು ಹೊಸವು, ಹಳೆಯ ಅಳತೆಯವೇ. ಗೇರಿನ ವಿಚಾರ ಮಾತ್ರ ಬಿಟ್ಟಿಲ್ಲ, ನೋಟ್ ಬುಕ್ಕಿನಲ್ಲಿ ಹಲ್ಲುಗಳನ್ನು ಎಣಿಸಿ ಬರೆದಿಟ್ಟುಕೊಂಡಿದ್ದಾನೆ. ಅಜ್ಜಿ ಆಸ್ಪತ್ರೆಗೆ ಹೊರಟು ಅಂಗಳಕ್ಕೆ ಬಂದರು. ಅವರಿಗೆ ಈಗಿನ ಎತ್ತರವೇ ಹೆಚ್ಚು. ಹುಡುಗ ಹಿಂದಿನ ಸೀಟಿನಡಿಯಿಂದ ಅಡುಗೆಮನೆಯ ಹಳೆಯ ಮಣೆ ತೆಗೆದು ಬಾಗಿಲ ಕೆಳಗಿಟ್ಟ. ‘ಈಚೆ ಕಾಲು ಮೊದಲು ಅಜ್ಜಿ’ ಎಂದ.