‘ಓನ್ಲಿ’ಯ ಸ್ಥಾನ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಹಳ್ಳಿಗಳಿಂದ ಬರುವ ವಿದ್ಯಾರ್ಥಿಯನ್ನು ಇಂಗ್ಲಿಷಿನ ಕಠಿಣ ಪದಗಳಿಗಿಂತ ‘ಓನ್ಲಿ’ ಎಂಬ ಪುಟ್ಟ ಪದವೇ ಹೆಚ್ಚು ಕಾಡುತ್ತದೆ. ಕನ್ನಡದ ‘ಮಾತ್ರ’ ತಾನು ವಿಶೇಷಿಸುವ ಪದದ ಹಿಂದೆಯೇ ಬರುವುದು. ‘ಓನ್ಲಿ’ಯಾದರೋ ಸಾಮಾನ್ಯವಾಗಿ ಅದರ ಮುಂದೆ ನಡೆಯುವುದು. ‘ರಾಮನು ಮಾತ್ರ ಕೋಟೆಯನ್ನು ನೋಡಿದನು’ ಎಂಬುದನ್ನು ಬಾಲಕನು ‘ರಾಮ ಓನ್ಲಿ ಸಾ ದ ಫೋರ್ಟ್’ ಎಂದು ಬರೆಯುತ್ತಾನೆ. ಆಂಗ್ಲನು ಅದನ್ನು ಓದಿದರೆ, ರಾಮನು ಕೋಟೆಯನ್ನು ಬರಿದೆ ನೋಡಿದನು, ಒಳಹೊಗಲಿಲ್ಲವೆಂದು ತಿಳಿದಾನು! ‘ಓನ್ಲಿ ರಾಮ’ ಎಂದಿದ್ದರೆ ಸಂದೇಹವಿರುತ್ತಿರಲಿಲ್ಲ.

ಕೆಂಪು ಶಾಯಿಯ ಗೆರೆಯೊಂದನ್ನೇ ಕಂಡ ಹುಡುಗನು ತಾನು ದಡ್ಡನೆಂದು ನಂಬುತ್ತಾನೆ. ಆತನು ಪಾಲಿಸಿದ್ದು ತಾಯ್ನುಡಿಯ ವ್ಯಾಕರಣವನ್ನು, ಅದೂ ಚಾಚೂ ತಪ್ಪದೆ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ.ಶ್ರೀ. ಹಾಗೂ ಎ.ಎನ್. ಮೂರ್ತಿರಾವ್ ಇದೇ ಸೀಮೆಯ ಬೆಳ್ಳೂರು, ಅಕ್ಕಿಹೆಬ್ಬಾಳುಗಳವರಲ್ಲವೆ? ಎರಡು ಭಾಷೆಯ ವಾಕ್ಯಗಳನ್ನೂ ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದಾಗ, ಅದೇ ಹುಡುಗನು ಎದ್ದುಬಂದು ‘ಓನ್ಲಿ’ಯನ್ನು ತಾನಾಗಿಯೇ ಮುಂದಕ್ಕೆ ಸರಿಸುತ್ತಾನೆ.