ಹಪ್ಪಳದ ಒಕ್ಕಣೆ

ಬಜಪೆಯು ದೇಶಾಂತರಗಳಲ್ಲಿ ಹೆಸರುಳ್ಳ ಊರು. ಆದರೆ ಅದರ ಪೇಟೆಯನ್ನು ನಿಂತು ನೋಡಿದವರು ಕಡಮೆ. 1951ನೆಯ ಡಿಸೆಂಬರು 25ರಂದು ಪ್ರಧಾನಮಂತ್ರಿಗಳಾಗಿದ್ದ ನೆಹರೂ ಅವರು ಬಂದಿಳಿಯುವುದರೊಡನೆ ಇಲ್ಲಿಯ ವಿಮಾನ ನಿಲ್ದಾಣವು ಪ್ರಾರಂಭವಾಯಿತು. ಅಂದಿನಿಂದ ಮಂಗಳೂರಿಗೆ ಆಕಾಶಮಾರ್ಗವಾಗಿ ಬರುವವರು 'ಬಜಪೆಯಲ್ಲಿ ಇಳಿದೆವು' ಎಂದೇ ಹೇಳುತ್ತ ಬಂದಿರುವರು. ನಿಲ್ದಾಣದ ಹಳೆಯ ಕಟ್ಟಡವು ಬಜಪೆಯ ಮಗ್ಗುಲಲ್ಲಿದ್ದಷ್ಟು ಕಾಲ, ಪರದೇಶದಿಂದ ಬರುವವರನ್ನು ಎದುರುಗೊಳ್ಳುವ ನೆಂಟರಿಷ್ಟರು ಪೇಟೆಗೆ ಹತ್ತಿರದಲ್ಲಿಯೇ ಓಡಾಡುತ್ತಿದ್ದರು. 2010ರಲ್ಲಿ ಕೆಂಜಾರಿನ ಕಡೆಗೆ ಹೊಸ ಕಟ್ಟಡವು ತೆರೆಯಿತು. ಜನಪ್ರವಾಹವೂ ಅತ್ತ ತಿರುಗಿತು. ಹೆಸರು ಮಾತ್ರ ಬಜಪೆಗೆ ಉಳಿಯಿತು.

ದಾರಿಯ ಬದಿಯಲ್ಲಿ ಕುಳಿತು ಮಾರುವವನಿಗೆ ಜಾಹೀರಾತು ಬೇಕಾಗುವುದಿಲ್ಲ. ದಾರಿಯೇ ಅವನ ಜಾಹೀರಾತು. ದಾರಿ ತಿರುಗಿದ ಮೇಲೆ, ಕಾಣದವರಿಗೆ ತನ್ನ ಜೀನಸನ್ನು ಕಾಣಿಸುವ ಕೆಲಸ ಅವನ ಪಾಲಿಗೆ ಬರುತ್ತದೆ. ಈಗ ಅದಕ್ಕೆ ಮೊಬೈಲು ಫೋನೊಂದು ಸಾಕು. ಛಾಯಾಚಿತ್ರವನ್ನು ತೆಗೆದು, ನಾಲ್ಕು ಸಾಲಿನ ಒಕ್ಕಣೆಯನ್ನು ಬರೆದು, ವಾಟ್ಸಾಪಿನಲ್ಲಿ ಬಿಟ್ಟರೆ ಮುಂಬಯಿಗೂ ದುಬಾಯಿಗೂ ಕ್ಷಣಮಾತ್ರದಲ್ಲಿ ತಲಪುತ್ತದೆ. ಕಷ್ಟವಿರುವುದು ಆ ನಾಲ್ಕು ಸಾಲುಗಳಲ್ಲಿ.

ಬಜಪೆಯ ಪೇಟೆಯಿಂದ ಸ್ವಲ್ಪ ಒಳಗಿನ ಒಂದು ಮನೆಯಲ್ಲಿ ಗೃಹಿಣಿಯೊಬ್ಬರು ಕೆಲವು ವರ್ಷಗಳಿಂದ ಹಲಸಿನ ಹಪ್ಪಳವನ್ನು ಮಾಡಿ ಮಾರುತ್ತಿದ್ದಾರೆ. ಹಪ್ಪಳ ಒತ್ತುವುದಕ್ಕೆ ನೆರೆಯ ಇಬ್ಬರು ಹೆಂಗಸರು ಬರುವರು. ಹಪ್ಪಳವು ಮಾರಿದರೆ ಆ ಇಬ್ಬರಿಗೂ ಆಟಿಯ ಇಕ್ಕಟ್ಟಿನ ದಿನಗಳಲ್ಲಿ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಮಾರದಿದ್ದರೆ ಇಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅಕ್ಕನ ಮಗನು 2025ರ ಯುಗಾದಿಗೆ ಬಂದವನು, ಚಿಕ್ಕಮ್ಮನ ವ್ಯಾಪಾರವನ್ನು ಬೆಳೆಸಿಕೊಡುವೆನೆಂದು ಮನಸ್ಸು ಮಾಡಿದನು. ರಾತ್ರಿ ಊಟವಾದ ಮೇಲೆ ಕುಳಿತು ಒಂದು ಒಕ್ಕಣೆಯನ್ನು ರಚಿಸಿದನು: 'ಅಪ್ಪಟ ಸಾಂಪ್ರದಾಯಿಕ, ನೂರಕ್ಕೆ ನೂರು ಶುದ್ಧ, ಅಜ್ಜಿಯ ಕೈರುಚಿ.' ಅದರೊಡನೆ ಒಂದು ಚಿತ್ರ: ಹಿತ್ತಾಳೆಯ ಹರಿವಾಣದಲ್ಲಿ ಚಂದ್ರಬಿಂಬದಂತೆ ದುಂಡಾಗಿ ಹೊಂಬಣ್ಣದಿಂದ ಹೊಳೆಯುವ ಹಪ್ಪಳಗಳು.

"ಇದು ಯಾರ ಮನೆಯ ಹಪ್ಪಳ, ಮಗಾ?" ಎಂದು ಅವರು ಕೇಳಿದರು.

"ಅದು ಚಿತ್ರಕ್ಕೆ ಮಾತ್ರ, ಚಿಕ್ಕಮ್ಮ. ಎಲ್ಲರೂ ಹೀಗೆಯೇ ಹಾಕುವುದು."

"ನಮ್ಮ ಹರಿವಾಣವೂ ಅಲ್ಲವಲ್ಲ!"

ಹುಡುಗನು ನಕ್ಕನು, ಅವರೂ ನಕ್ಕರು. ಅಜ್ಜಿ ತೀರಿಕೊಂಡು ಬಹುಕಾಲವಾಗಿತ್ತು. ಆಕೆಗೆ ಹಪ್ಪಳ ಮಾಡುವುದೆಂದರೆ ಆಗುತ್ತಲೇ ಇರಲಿಲ್ಲ. ಹೀಗೆ ಒಕ್ಕಣೆಯು ಹೊರಟುಹೋಯಿತು. ಹಪ್ಪಳವು ಆಗುವ ಮೊದಲೇ ಬೇಡಿಕೆಗಳು ಬಂದುವು.

ಹಲಸಿನ ಹಪ್ಪಳದ ಕೆಲಸವನ್ನು ಬಲ್ಲವರಿಗೆ, ಅದು ಬಿಸಿಲಿನೊಡನೆ ಹೂಡುವ ಜೂಜೆಂಬುದು ಗೊತ್ತಿದೆ. ಕಾಯಿಯು ಬೆಳೆದಿರಬೇಕು, ಹಣ್ಣಾಗಿರಬಾರದು. ಸೊಳೆಯನ್ನು ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲು ಉಪ್ಪು ಮೆಣಸುಗಳೊಡನೆ ಗುದ್ದಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ, ಚಾಪೆಯ ಮೇಲೆ ಹರಡಬೇಕು. ಆಮೇಲಿನದು ಸೂರ್ಯನ ಕೆಲಸ. ಎರಡು ಮೂರು ದಿನ ಕಡುಬಿಸಿಲು ಸಿಕ್ಕಿದರೆ ಹಪ್ಪಳವು ತೆಳು ಹಳದಿಯಾಗಿ ಗಟ್ಟಿಯಾಗುವುದು, ಸಿಕ್ಕದಿದ್ದರೆ ಕಪ್ಪಾಗುವುದು. ಒತ್ತಿದ ಕೈ ಎಷ್ಟು ನುರಿತಿದ್ದರೂ ಅಂಚು ಒಂದೇ ಸಮನಾಗಿ ಬರುವುದಿಲ್ಲ. ಮಣೆಯಿಂದ ಬಿಡಿಸುವಾಗ ಹೆಬ್ಬೆರಳಿನ ಗುರುತೊಂದು ಎಲ್ಲಿಯಾದರೂ ಉಳಿದೇ ಉಳಿಯುವುದು. ಆಟಿಯ ಮಳೆಯಲ್ಲಿ ತಿನ್ನುವುದಕ್ಕೆಂದು ಅಟ್ಟದಲ್ಲಿ ಕಾಪಿಡುತ್ತಿದ್ದ ಕಾಲದಲ್ಲಿ, ಹಪ್ಪಳವು ದುಂಡಗಿದೆಯೆ ಎಂದು ಯಾರೂ ಅಳೆದು ನೋಡುತ್ತಿರಲಿಲ್ಲ.

ಆ ವರ್ಷ ಮುಂಗಾರು ಮಳೆಯು ಮೇ 24ಕ್ಕೇ ಕೇರಳವನ್ನು ಮುಟ್ಟಿತು. ವಾಡಿಕೆಗಿಂತ ಒಂದು ವಾರಕ್ಕೂ ಹೆಚ್ಚು ಮುಂಚೆ ಬಂದುದು ಅದು. 2009ರಿಂದೀಚೆಗೆ ಅಷ್ಟು ಬೇಗ ಬಂದುದಿಲ್ಲ. ಅದಕ್ಕೂ ಮೊದಲೇ ನಮ್ಮ ಕರಾವಳಿಯಲ್ಲಿ ಮೋಡ ಕವಿದು ಸುರಿಯತೊಡಗಿದ್ದಿತು. ಚಾಪೆಗಳು ಅಂಗಳದಿಂದ ಜಗಲಿಗೂ ಜಗಲಿಯಿಂದ ನಡುಮನೆಗೂ ಬಂದುವು. ಕಡೆಯ ಕಂತಿನ ಹಪ್ಪಳಗಳನ್ನು ಫ್ಯಾನಿನ ಕೆಳಗೂ ಒಲೆಯ ಮೇಲಿನ ಅಟ್ಟದಲ್ಲೂ ಒಣಗಿಸಬೇಕಾಯಿತು. ಬೂಸಲು ಹಿಡಿದವನ್ನೆಲ್ಲ ಗೊಬ್ಬರದ ಗುಂಡಿಗೆ ಎಸೆದರು. ಉಳಿದುವು ಕೆಟ್ಟಿರಲಿಲ್ಲ, ಬಣ್ಣ ಮಾತ್ರ ಕಂದಿದ್ದಿತು, ಹೊಗೆಯ ವಾಸನೆಯು ಸ್ವಲ್ಪ ತಗಲಿದ್ದಿತು. ಕರಿದರೆ ರುಚಿಯಾಗಿಯೇ ಇದ್ದುವು. ಬೇಡಿಕೆಯಂತೆ ಅವನ್ನೇ ಪೊಟ್ಟಣ ಕಟ್ಟಿ ಕಳುಹಿಸಿದರು.

ಮುಂಬಯಿಯ ಗಿರಾಕಿಯೊಬ್ಬರಿಂದ ಒಂದು ವಾರದಲ್ಲಿ ಉತ್ತರ ಬಂದಿತು. "ಅಕ್ಕಾ, ರುಚಿಗೆ ಕುಂದು ಹೇಳುವುದಿಲ್ಲ. ಆದರೆ ಚಿತ್ರದಲ್ಲಿದ್ದುದು ಇದಲ್ಲ. ಕಪ್ಪಾಗಿದೆಯೆಂದು ಮೊದಲೇ ಒಂದು ಮಾತು ಹೇಳಿದ್ದರೆ ನಾವು ತೆಗೆದುಕೊಳ್ಳುತ್ತಲೇ ಇದ್ದೆವು." ಬೈಗುಳವು ಬಂದಿದ್ದರೆ ಅವರು ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. ಹಣವನ್ನು ಹಿಂದಕ್ಕೆ ಕಳುಹಿಸಿದರು. ಸುದ್ದಿ ತಿಳಿದ ಮತ್ತೆ ಕೆಲವರು ತಮ್ಮ ಬೇಡಿಕೆಗಳನ್ನು ಹಿಂತೆಗೆದುಕೊಂಡರು. ಹಪ್ಪಳದ ಡಬ್ಬಗಳು ತುಂಬಿಯೇ ಉಳಿದುವು.

ಇಲ್ಲಿ ಒಂದು ಮಾತನ್ನು ನೆನೆಯಬೇಕು. ನಮ್ಮ ಹಳೆಯ ಪೇಟೆಗಳಲ್ಲಿ ವರ್ತಕನು ತನ್ನ ಜೀನಸಿನ ಕುಂದನ್ನು ತಾನಾಗಿಯೇ ಹೇಳುವುದುಂಟು. "ಈ ಬೆಲ್ಲ ತುಸು ಉಪ್ಪುಪ್ಪು, ಅಮ್ಮಾ; ಪಾಯಸಕ್ಕೆ ಬೇಡ, ಸಾರಿಗಾದರೆ ಕೊಂಡುಹೋಗಿ," ಎಂದು ಅಂಗಡಿಯವನು ಹೇಳಿದ ದಿನ ಅವನಿಗೆ ಬೆಲ್ಲದಲ್ಲಿ ನಷ್ಟವಾಗಿರಬಹುದು. ಆದರೆ ಅಕ್ಕಿ, ಎಣ್ಣೆ, ತೊಗರಿಬೇಳೆಗಳಿಗೆ ಆ ಮನೆಯವರು ಬೇರೆ ಅಂಗಡಿಯ ಮೆಟ್ಟಿಲನ್ನು ಹತ್ತುತ್ತಿರಲಿಲ್ಲ. ಅವನು ಜಾಣನೂ ಅಹುದು, ಸತ್ಯವಂತನೂ ಅಹುದು; ಎರಡನ್ನೂ ಬೇರ್ಪಡಿಸಿ ತೂಗುವ ಅಗತ್ಯ ಅವನಿಗೆ ತೋರಿರಲಿಕ್ಕಿಲ್ಲ. ಮುಖವನ್ನು ನೋಡಿ ಹೇಳುತ್ತಿದ್ದ ಆ ಮಾತು, ಮುಖ ಕಾಣದ ವ್ಯಾಪಾರದಲ್ಲಿ ಮೊದಲು ಬಿಟ್ಟುಹೋಗುತ್ತದೆ. ದೊಡ್ಡ ಕಾರಖಾನೆಯವರಿಗೆ ಅದರಿಂದ ಅಷ್ಟು ಬಾಧಕವಿಲ್ಲ. ಅವರ ಸಾವಿರ ಪೊಟ್ಟಣಗಳೂ ಒಂದೇ ತೆರನಾಗಿರುವುದರಿಂದ ಚಿತ್ರವೂ ಸರಕೂ ಹೊಂದಿಕೊಳ್ಳುವುವು. ಕೈಯಿಂದ ಮಾಡುವವರು ಕಾರಖಾನೆಯ ಮಾತನ್ನು ಎರವಲು ತಂದರೆ, ತಮ್ಮ ಕೈಯೇ ತಮಗೆ ವಿರುದ್ಧವಾಗಿ ಸಾಕ್ಷಿ ಹೇಳುವಂತಾಗುತ್ತದೆ.

ಜುಲಾಯಿಯಲ್ಲಿ ನೆಂಟರ ಮನೆಯ ಮದುವೆಗೆ ಸೀರೆಯನ್ನು ಕೊಳ್ಳಲು ಅವರು ಕಟೀಲಿನ ಮಾರ್ಗವಾಗಿ ಕಿನ್ನಿಗೋಳಿಗೆ ಹೋದರು. ಅಲ್ಲಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘದಲ್ಲಿ ಉಡುಪಿ ಸೀರೆಯೆಂದು ಹೆಸರಾದ ಹತ್ತಿಯ ಸೀರೆಗಳನ್ನು ಕೈಮಗ್ಗದಲ್ಲಿ ನೇಯುವರು. ಒಂದು ಕಾಲದಲ್ಲಿ ಜಿಲ್ಲೆಯಲ್ಲೆಲ್ಲ ಇದ್ದ ಈ ನೇಯ್ಗೆಯು ಕುಗ್ಗುತ್ತ ಬಂದು, 2018ರ ಹೊತ್ತಿಗೆ ಸಂಘದಲ್ಲಿ ಬೆರಳೆಣಿಕೆಯ ವಯಸ್ಸಾದ ನೇಕಾರರು ಉಳಿದಿದ್ದರು. ಅನಂತರ ಕದಿಕೆ ಟ್ರಸ್ಟು ಅವರೊಡನೆ ಕೈಗೂಡಿಸಿದ ಮೇಲೆ ಹೊಸಬರೂ ಮಗ್ಗಕ್ಕೆ ಬಂದಿರುವರು. ಅಲ್ಲಿ ಮಾಡಿದ ಏರ್ಪಾಡುಗಳಲ್ಲಿ ಒಂದು ಬಹಳ ಚಿಕ್ಕದು: ಸೀರೆಗೆ ಕಟ್ಟಿದ ಚೀಟಿಯಲ್ಲಿ ಅದನ್ನು ನೇಯ್ದವರ ಹೆಸರು ಮತ್ತು ಭಾವಚಿತ್ರ.

ಅವರು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದರು. ಒಂದೆಡೆ ಹೊಕ್ಕಿನ ನೂಲುಗಳು ತುಸು ಒತ್ತಾಗಿಯೂ ಇನ್ನೊಂದೆಡೆ ತುಸು ಸಡಿಲಾಗಿಯೂ ಇದ್ದುವು. ಅಪರಾಹ್ನದ ಊಟದ ಮುಂಚಿನ ಪೆಟ್ಟು, ಊಟದ ಅನಂತರದ ಪೆಟ್ಟು ಎನ್ನುವಂತೆ. ಚೀಟಿಯಲ್ಲಿ ಕನ್ನಡಕ ಹಾಕಿದ ವೃದ್ಧೆಯೊಬ್ಬರ ಮುಖವಿದ್ದಿತು. ಮುಖವನ್ನು ನೋಡಿದ ಮೇಲೆ ಆ ಗೆರೆಯು ದೋಷವಾಗಿ ಕಾಣಿಸಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆದಂದಿನಿಂದ ಈ ಜಿಲ್ಲೆಯ ಮಾಡುಗಳ ಮೇಲೆ ಕಾರಖಾನೆಗಳ ಹೆಸರುಗಳು ಅಚ್ಚಾಗಿ ಕುಳಿತಿವೆ. ಮಣ್ಣನ್ನು ನಾದಿದವರ ಹೆಸರನ್ನು ಯಾವ ಹಂಚೂ ಹೇಳುವುದಿಲ್ಲ. ಆ ದೃಷ್ಟಿಯಿಂದ ಕಿನ್ನಿಗೋಳಿಯ ಚೀಟಿಯು ಸಣ್ಣ ಸಂಗತಿಯಲ್ಲ.

ಮನೆಗೆ ಬಂದು ಅವರೇ ಒಂದು ಒಕ್ಕಣೆಯನ್ನು ಬರೆದರು: 'ಈ ವರ್ಷ ಮಳೆ ಬೇಗ ಬಂತು. ಕೊನೆಯ ಹಪ್ಪಳಗಳಿಗೆ ಬಿಸಿಲು ಸಾಲಲಿಲ್ಲ. ಬಣ್ಣ ಕಂದಿದೆ, ಸ್ವಲ್ಪ ಹೊಗೆಯ ವಾಸನೆ ಇದೆ. ಬೂಸಲು ಇಲ್ಲ. ಹೊಗೆ ಆಗದವರು ತೆಗೆದುಕೊಳ್ಳಬೇಡಿ. ಕ್ರಯ ಮೂರರಲ್ಲಿ ಎರಡು ಪಾಲು.' ಚಿತ್ರವನ್ನು ನಡುಮನೆಯ ಚಾಪೆಯ ಮೇಲೆಯೇ ತೆಗೆದರು; ಮೂಲೆಯಲ್ಲಿ ಬೆಕ್ಕಿನ ಬಾಲವೂ ಬಂದಿದ್ದಿತು. ಆಹಾರ ಸುರಕ್ಷಾ ಕಾಯಿದೆಯಂತೆ ಮನೆಯಲ್ಲಿ ಮಾಡಿ ಮಾರುವವರಿಗೂ ನೋಂದಣಿ ಬೇಕು. ಪೊಟ್ಟಣದ ಮೇಲೆ ಸಾಮಗ್ರಿ, ತೂಕ, ಮಾಡಿದ ದಿನಗಳಿರಬೇಕು. ಅವೆಲ್ಲ ಮೊದಲಿನಂತೆಯೇ ಇದ್ದುವು. ಬೆಕ್ಕಿನ ಬಾಲವನ್ನು ಮಾತ್ರ, ಶುಚಿಯ ಮಾತು ಬಂದೀತೆಂದು, ಕತ್ತರಿಸಿ ತೆಗೆದರು. ಎಲ್ಲ ನಿಜವನ್ನೂ ತೋರಿಸಬೇಕೆಂಬ ಹಟವೂ ಸಲ್ಲದಷ್ಟೆ.

ಫೋನಿನಲ್ಲಿ ಇದನ್ನು ಕಂಡ ಅಕ್ಕನ ಮಗನು ಮೊದಲು ಗಾಬರಿಗೊಂಡನು. ಆಮೇಲೆ ಡಬ್ಬಗಳು ಬರಿದಾಗುತ್ತ ಬಂದುದನ್ನು ಕೇಳಿ, "ಚಿಕ್ಕಮ್ಮ, ಬರುವ ವರ್ಷವೂ ಸ್ವಲ್ಪ ಹಪ್ಪಳವನ್ನು ಹೊಗೆಯಲ್ಲಿ ಇಡುವ. ಈಗ ಜನಕ್ಕೆ ಇಂತಹದೇ ಬೇಕು," ಎಂದನು.

"ಬಿಸಿಲಿದ್ದರೂ?"

"ಬಿಸಿಲಿದ್ದರೂ."

ಅದಕ್ಕೆ ಅವರು ಒಪ್ಪಲಿಲ್ಲ. ಹುಡುಗನನ್ನು ಹಳಿಯುವಂತಿಲ್ಲ, ಯಂತ್ರದ ಬಟ್ಟೆಗೆ ಬೇಕೆಂದೇ ಗಂಟುನೂಲನ್ನು ಹಾಕಿ ಮಾರುವವರೂ, ಕಾರಖಾನೆಯ ಉಪ್ಪಿನಕಾಯಿಗೆ 'ಮನೆಯದು' ಎಂಬ ಚೀಟಿ ಹಚ್ಚುವವರೂ ಇರುವ ಕಾಲದಲ್ಲಿ ಅವನು ಕಲಿತ ಪಾಠವದು. ಆದರೆ ಮಾಡಿದ ಕುಂದು ದುಂಡು ಹಪ್ಪಳದ ಚಿತ್ರಕ್ಕಿಂತಲೂ ಕೀಳು. ಆ ಚಿತ್ರವಾದರೂ ಬಹು ದಿನ ಯಾರನ್ನೂ ನಂಬಿಸಲಿಲ್ಲ.

ಬೇರೊಂದು ವಿಷಯದಲ್ಲಿ ಅವರು ಕಿನ್ನಿಗೋಳಿಯ ದಾರಿಯನ್ನು ಹಿಡಿಯಲು ಬಯಸಿದರು. ಪೊಟ್ಟಣದ ಮೇಲೆ ಹಪ್ಪಳ ಒತ್ತಿದವರ ಹೆಸರನ್ನು ಬರೆಯಬೇಕೆಂದು ಇಬ್ಬರು ಹೆಂಗಸರನ್ನೂ ಕೇಳಿದರು. ಕಿರಿಯಳು ಸಂತೋಷದಿಂದ ಒಪ್ಪಿ, ತನ್ನ ಹೆಸರನ್ನು ತಾನೇ ಬರೆದು ತೋರಿಸಿದಳು. ಹಿರಿಯಳು ಸೆರಗಿನಿಂದ ಕೈಯನ್ನು ಒರಸಿಕೊಳ್ಳುತ್ತ ಬಹಳ ಹೊತ್ತು ಸುಮ್ಮನಿದ್ದಳು.

"ನನ್ನ ಹೆಸರು ಬೇಡ, ಅಕ್ಕಾ. ಮಗಳನ್ನು ಕೊಟ್ಟ ಮನೆಯವರು ನೋಡಿದರೆ, ತಾಯಿ ಇನ್ನೊಬ್ಬರ ಮನೆಯಲ್ಲಿ ಹಪ್ಪಳ ಒತ್ತುತ್ತಾಳೆಂದು ಅವಳಿಗೆ ಒಂದು ಮಾತು ಬರುತ್ತದೆ."

ಅವರು ಮರುಮಾತಾಡಲಿಲ್ಲ. ಚೀಟಿಗಳು ಮುದ್ರಣವಾಗಿ ಬಂದಾಗ 'ಒತ್ತಿದವರು' ಎಂಬ ಮಾತಿನ ಮುಂದೆ ಒಂದು ಗೆರೆಯಿದ್ದಿತು. ಕಿರಿಯಳ ಪೊಟ್ಟಣಗಳಲ್ಲಿ ಆ ಗೆರೆಯ ಮೇಲೆ ನೀಲಿ ಶಾಯಿಯಲ್ಲಿ ಹೆಸರನ್ನು ಬರೆದರು. ಹಿರಿಯಳ ಪೊಟ್ಟಣಗಳಲ್ಲಿ ಗೆರೆಯನ್ನು ಹಾಗೆಯೇ ಬಿಟ್ಟರು.