ಬೂದಿಗೆ ಕೊಟ್ಟ ಅಂಕ

ಹಳೆಯದಾದಷ್ಟೂ ಬೆಲೆ ಏರುವ ಪದಾರ್ಥಗಳು ಲೋಕದಲ್ಲಿ ಬಹಳವಿಲ್ಲ. ಅನ್ನಕ್ಕೆ ಹಳೆಯ ಅಕ್ಕಿಯೇ ಬೇಕೆಂದು ಹಠ ಹಿಡಿಯುವ ಗೃಹಿಣಿಯೂ ಹತ್ತು ವರ್ಷದ ಅಕ್ಕಿಯನ್ನು ಕೇಳುವುದಿಲ್ಲ. ಉಪ್ಪಿನಕಾಯಿಯ ಜಾಡಿಗೂ ಒಂದು ಅವಧಿಯುಂಟು. ಅದು ಮೀರಿದರೆ ಹೋಳು ಮೆತ್ತಗಾಗಿ ಉಪ್ಪು ಮಾತ್ರ ಉಳಿಯುತ್ತದೆ. ಮಾಗುವುದಕ್ಕೂ ಮುಪ್ಪಿಗೂ ನಡುವಣ ಗೆರೆ ಬಹು ತೆಳುವಾದುದು. ಆ ಗೆರೆಯನ್ನು ನಾಲಗೆಯಿಂದಲೇ ಕಂಡುಹಿಡಿಯಲು ಹೊರಟವರು ಕ್ಯೂಬಾದ ಹಳೆಯ ಚುರುಟಿನ ರಸಿಕರು.

ಚುರುಟೆಂದರೆ ಹೆಸರೇ ಹೇಳುವಂತೆ ಎಲೆಯ ಸುರುಳಿ. ತಮಿಳಿನಿಂದ ಹೊರಟ ಈ ಮಾತು ಇಂಗ್ಲಿಷಿಗೂ ಹೋಗಿ ‘ಚೆರೂಟ್’ ಆಯಿತು. ಆದರೆ ರಸಿಕರು ತಲೆಬಾಗುವುದು ಹವಾನದ ಸುರುಳಿಗೆ. ಕ್ಯೂಬಾ ದ್ವೀಪದ ಪಶ್ಚಿಮ ಭಾಗದಲ್ಲಿ ಪಿನಾರ್ ದೆಲ್ ರಿಯೊ ಪ್ರಾಂತ. ಅದರೊಳಗೆ ವುಯೆಲ್ತಾ ಅಬಾಹೊ ಎಂಬ ಸೀಮೆ. ಅಲ್ಲಿಯ ಹೊಗೆಸೊಪ್ಪಿಗೆ ಸಮನಾದುದಿಲ್ಲವೆಂಬುದು ಅವರ ನಂಬಿಕೆ. ಒಳಗೆ ತುಂಬುವ ಎಲೆ ಬೇರೆ, ಅದನ್ನು ಕಟ್ಟುವ ಎಲೆ ಬೇರೆ, ಮೇಲೆ ಹೊದಿಸುವ ಎಲೆ ಬೇರೆ. ಹೊದಿಕೆಯ ಎಲೆಗೆ ಬಿಸಿಲು ನೇರವಾಗಿ ತಾಗದಂತೆ ಹೊಲಕ್ಕೇ ತೆಳುಬಟ್ಟೆಯ ಚಪ್ಪರ ಹಾಕುತ್ತಾರೆ. ಕಾರ್ಖಾನೆಯಲ್ಲಿ ಸುರುಳಿ ಸುತ್ತುವವರ ಬೇಸರ ಕಳೆಯಲೆಂದು, ಪೀಠದ ಮೇಲೆ ಕುಳಿತು ಪತ್ರಿಕೆಯನ್ನೂ ಕಾದಂಬರಿಯನ್ನೂ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ 1865ರಿಂದ ಬೆಳೆದುಬಂತು. 1935ರಲ್ಲಿ ಹುಟ್ಟಿದ ಮಾಂಟೆಕ್ರಿಸ್ಟೊ ಚುರುಟಿಗೆ ಡ್ಯೂಮಾನ ಕಾದಂಬರಿಯ ಹೆಸರು ಬಂದುದು ಈ ಓದಿನ ಫಲವೆನ್ನುತ್ತಾರೆ.

1962ರ ಫೆಬ್ರವರಿಯಲ್ಲಿ ಈ ಸುರುಳಿಗೆ ಚರಿತ್ರೆಯೇ ಬೀಗ ಹಾಕಿತು. ಅಮೆರಿಕದ ಅಧ್ಯಕ್ಷ ಕೆನೆಡಿಯವರು ಒಂದು ಸಂಜೆ ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರರನ್ನು ಕರೆದು, ಬೆಳಗಾಗುವಷ್ಟರಲ್ಲಿ ಸಾವಿರ ‘ಪೆಟಿಟ್ ಅಪ್‌ಮನ್’ ಚುರುಟು ಬೇಕೆಂದರಂತೆ. ಸ್ಯಾಲಿಂಜರರು ಊರೆಲ್ಲ ಅಲೆದು 1,200 ಕೂಡಿಸಿದರು. ಸುದ್ದಿ ಕೇಳಿದ ಅಧ್ಯಕ್ಷರು ಮುಗುಳ್ನಕ್ಕು, ಮೇಜಿನೊಳಗಿಂದ ಕಾಗದ ತೆಗೆದು, ಕ್ಯೂಬಾದ ಸರಕನ್ನು ನಿಷೇಧಿಸುವ ಆಜ್ಞೆಗೆ ರುಜು ಹಾಕಿದರಂತೆ. ಸ್ಯಾಲಿಂಜರರೇ ಮುಂದೆ ಬರೆದು ತಿಳಿಸಿದ ಪ್ರಸಂಗವಿದು. ಅಂದಿನಿಂದ ಅಮೆರಿಕದಲ್ಲಿ, ನಿಷೇಧಕ್ಕೆ ಮುಂಚಿನ ಹವಾನ ಚುರುಟೆಂಬುದು ಪ್ರತ್ಯೇಕ ಜಾತಿಯೇ ಆಯಿತು; ಮುಗಿದರೆ ಮತ್ತೆ ಬಾರದ ಜಾತಿ.

ಸುತ್ತಿ ಮುಗಿದ ಮೇಲೂ ಎಲೆಯೊಳಗಿನ ವ್ಯಾಪಾರ ನಿಲ್ಲುವುದಿಲ್ಲ. ಎಳೆಯ ಚುರುಟಿನಲ್ಲಿ ಅಮೋನಿಯದ ಘಾಟೂ ಒಗರೂ ಇರುತ್ತವೆ. ವರ್ಷಗಳು ಉರುಳಿದಂತೆ ಘಾಟು ಹಾರಿಹೋಗಿ ಒಗರು ಮೆದುವಾಗುತ್ತದೆ. ಅದನ್ನಿಟ್ಟ ಕಡೆ ಗಾಳಿಯ ತೇವ ಶೇಕಡಾ 65ರಿಂದ 70ರ ಆಸುಪಾಸಿನಲ್ಲಿರಬೇಕು. ಕಡಮೆಯಾದರೆ ಎಲೆ ಬಿರಿಯುತ್ತದೆ. ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಸೆಕೆಯಾದರೆ ಹುಳು ಮೊಟ್ಟೆಯೊಡೆದೆದ್ದು ತೂತು ಕೊರೆಯುತ್ತದೆ. ಪೆಟ್ಟಿಗೆಯ ಮರಕ್ಕೆ ಸ್ಪ್ಯಾನಿಷ್ ಸೀಡರ್ ಎಂಬ ಹೆಸರಿದ್ದರೂ ಅದು ದೇವದಾರುವಲ್ಲ, ಬೇವಿನ ಬಳಗದ ಮರ. ಇಷ್ಟೆಲ್ಲ ಕಾಪಾಡಿದರೂ, ಘಾಟನ್ನು ಒಯ್ಯುವ ಕಾಲ ಪರಿಮಳವನ್ನು ಬಿಟ್ಟುಹೋಗುವುದಿಲ್ಲ. ಅದನ್ನೂ ಸ್ವಲ್ಪಸ್ವಲ್ಪವಾಗಿ ಒಯ್ಯುತ್ತದೆ.

ನ್ಯೂಯಾರ್ಕಿನ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಅವನ ಮನೆಯಲ್ಲಿ ತಂದೆ 1961ರಲ್ಲಿ ಕೊಂಡ 25 ಚುರುಟಿನ ಪೆಟ್ಟಿಗೆ. ‘ಇನ್ನೂ ಮಾಗಲಿ’ ಎನ್ನುತ್ತಲೇ ತಂದೆ ಮುಚ್ಚಳ ತೆರೆಯದೆ ತೀರಿಕೊಂಡರು. ಮಗ ಅದನ್ನು ತನ್ನ ಮಗಳ ಮದುವೆಗೆಂದು ಇಟ್ಟ. ಮದುವೆಯ ಗದ್ದಲದಲ್ಲಿ ಮರೆತ. ಮೊಮ್ಮಗು ಹುಟ್ಟಲಿ ಎಂದ. ಈಗ ಅವನಿಗೆ 75 ದಾಟಿದೆ. ಹೊಗೆಯನ್ನು ಒಳಕ್ಕೆಳೆಯದೆ ಬಾಯಲ್ಲೇ ಆಡಿಸಿದರೂ ಬಾಯಿಗೂ ಗಂಟಲಿಗೂ ಕ್ಯಾನ್ಸರಿನ ಭಯ ತಪ್ಪಿದ್ದಲ್ಲವೆಂದು ವೈದ್ಯರು ಎಚ್ಚರಿಸಿದ್ದಾರೆ. ಒಂದೇ ಒಂದು, ಅದೂ ಇಂದೇ ಎಂದು ಮುದುಕ ಪೆಟ್ಟಿಗೆ ತೆರೆದು ಕುಳಿತ.

ಪರೀಕ್ಷೆಗೆ ಕ್ರಮವುಂಟು. ಮೊದಲು ಕಣ್ಣು: ಹೊದಿಕೆ ನುಣುಪಾಗಿರಬೇಕು, ಬಣ್ಣ ಸಮನಾಗಿರಬೇಕು. ಆಮೇಲೆ ಬೆರಳು: ಮೆಲ್ಲನೆ ಅದುಮಿದರೆ ಗಂಟೂ ಟೊಳ್ಳೂ ಸಿಕ್ಕಕೂಡದು. ತುದಿ ಕತ್ತರಿಸಿ, ಹೊತ್ತಿಸುವ ಮುನ್ನ ಒಮ್ಮೆ ಎಳೆದು ನೋಡಬೇಕು. ಹೊತ್ತಿಸಿದ ಮೇಲೆ ನಿಮಿಷಕ್ಕೊಮ್ಮೆ ಎಳೆದರೆ ಸಾಕು; ಅವಸರಿಸಿದರೆ ಕಾದು ಕಹಿಯಾಗುತ್ತದೆ. 1992ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ‘ಸಿಗಾರ್ ಅಫಿಶಿಯನಾಡೊ’ ಪತ್ರಿಕೆ ಇದಕ್ಕೆ ನೂರು ಅಂಕಗಳ ಲೆಕ್ಕವನ್ನು ರೂಢಿಗೆ ತಂದಿತು. ಹೆಸರಿನ ಪಟ್ಟಿಯನ್ನು ಕಳಚಿ, ಗುರುತು ತಿಳಿಯದ ಪರೀಕ್ಷಕರಿಂದ ನೋಟ, ರುಚಿ, ಉರಿಯುವ ಬಗೆ, ಒಟ್ಟು ಪರಿಣಾಮ ಎಂದು ಅಂಕ ಹಾಕಿಸುವ ಕ್ರಮವದು. 95 ಮತ್ತು ಅದಕ್ಕೂ ಮೇಲಾದರೆ ಅತ್ಯುನ್ನತ ದರ್ಜೆ. ವಿದ್ಯಾರ್ಥಿಯ ಉತ್ತರಪತ್ರಿಕೆಗಾದರೆ ಮರುಪರಿಶೀಲನೆಯುಂಟು. ಇಲ್ಲಿ ಅಂಕ ಬರೆದು ಮುಗಿಸುವಷ್ಟರಲ್ಲಿ ಉತ್ತರಪತ್ರಿಕೆಯೇ ಬೂದಿ!

ಮುದುಕನ ಚುರುಟು ಮೊದಲು ಒಣಹುಲ್ಲಿನ ವಾಸನೆಯನ್ನಷ್ಟೇ ಕೊಟ್ಟಿತು. ನಡುವೆ ಕೋಕೋದ ಒಂದು ಎಳೆ ಬಂದು ಹೋಯಿತು. ಕೊನೆಗೆ ಬರಿಯ ಬಿಸಿ ಗಾಳಿ. 84 ಎಂದು ಬರೆದ. ಬರೆದವನಿಗೆ ಸಂಶಯ ಹುಟ್ಟಿತು. ಸಪ್ಪೆಯಾದುದು ಚುರುಟೋ, ತನ್ನ ನಾಲಗೆಯೋ? ಐವತ್ತರಲ್ಲಿ ತೆರೆದಿದ್ದರೆ ಎರಡೂ ಹದದಲ್ಲಿರುತ್ತಿದ್ದವೇನೋ. ತಂದೆ ಇದ್ದಾಗಲೇ ತೆರೆದಿದ್ದರೆ ಎದುರು ಕುರ್ಚಿಯಲ್ಲಿ ಮತ್ತೊಬ್ಬ ಪರೀಕ್ಷಕರು ಇರುತ್ತಿದ್ದರು.

ಒಳ್ಳೆಯ ದಿನಕ್ಕೆಂದು ಬೀರುವಿನಲ್ಲಿಟ್ಟ ರೇಷ್ಮೆ ಸೀರೆ ಮಡಿಕೆಯಲ್ಲೇ ಸೀಳುವುದನ್ನು ಕಾಣದ ಮನೆಯುಂಟೆ?

ಪೆಟ್ಟಿಗೆಯಲ್ಲಿ 24 ಉಳಿದಿದ್ದವು. ಮುಚ್ಚಳ ಹಾಕಲು ಹೋದ ಮುದುಕ ಕೈ ತಡೆದು, ದೂರವಾಣಿಯ ಬಳಿಗೆ ನಡೆದ. ಹಳೆಯ ಗೆಳೆಯರಲ್ಲಿ ಇಬ್ಬರು ಇನ್ನೂ ಇದ್ದರು. ‘ಭಾನುವಾರ ಬನ್ನಿ. ಸೇದದಿದ್ದರೂ ಸರಿ, ವಾಸನೆ ನೋಡಿಕೊಂಡು ಹೋಗಿ. ಅಪ್ಪ ಕೊಂಡದ್ದು’ ಎಂದ.